ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ: ಮೊದಲು ಏನು ನೋಡಬೇಕು, ಗಾರ್ಡ್ ಯಾವಾಗ ಹಾಕಿಸಬೇಕು

ಹಲ್ಲು ಕಡಿಯುವವರಿಗೆ ಅದು ತಾವಾಗಿ ಗೊತ್ತಾಗುವುದು ಕಡಿಮೆ. ಪಕ್ಕದಲ್ಲಿ ಮಲಗಿದವರು "ರಾತ್ರಿಯೆಲ್ಲ ಕಟಕಟ ಹಲ್ಲು ಕಡೀತಿದ್ರಿ" ಅಂದಾಗ, ಇಲ್ಲವೇ ದವಡೆ ಹಲ್ಲಿನ ಫಿಲ್ಲಿಂಗ್ ಎರಡನೇ ಸಲ ಕಿತ್ತು ಬಂದಾಗ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಮೈಸೂರು, ಮಂಡ್ಯ ಕಡೆ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಮಕ್ಕಳಾದರೆ ಜಂತುಹುಳದ ಔಷಧಿ ಕುಡಿಸುತ್ತಾರೆ. ದೊಡ್ಡವರಾದರೆ "ಟೆನ್ಷನ್ ಜಾಸ್ತಿ" ಎಂದು ಸುಮ್ಮನಾಗುತ್ತಾರೆ, ಅಥವಾ ಆನ್‌ಲೈನಿನಲ್ಲಿ ಒಂದು ರಬ್ಬರ್ ಗಾರ್ಡ್ (ರಾತ್ರಿ ಹಲ್ಲಿನ ಮೇಲೆ ಹಾಕಿಕೊಂಡು ಮಲಗುವ ಕವಚ) ತರಿಸಿಕೊಳ್ಳುತ್ತಾರೆ.

ಹಲ್ಲು ಕಡಿಯುವುದನ್ನು ಒಂದೇ ಏಟಿಗೆ ನಿಲ್ಲಿಸುವ ಔಷಧಿ ಇಲ್ಲ. ಆದರೆ ನಿದ್ದೆಯನ್ನು ಏನು ಕದಡುತ್ತಿದೆ ಎಂದು ಹುಡುಕಿ ಸರಿಪಡಿಸಬಹುದು, ಹಗಲಿನಲ್ಲಿ ದವಡೆಗೆ ಬಿಡುವು ಕೊಡಬಹುದು, ಹಲ್ಲು ಸವೆಯದಂತೆ ಕಾಯಬಹುದು. ಕ್ರಮವೂ ಮುಖ್ಯ. ಗಾರ್ಡಿನಿಂದ ಶುರು ಮಾಡಿದವರು ಎಷ್ಟೋ ಸಲ ಉಸಿರಾಟದ ತೊಂದರೆಯನ್ನು ಗಮನಿಸದೆ ವರ್ಷಗಟ್ಟಲೆ ಮುಂದೂಡುತ್ತಾರೆ. ಹಲ್ಲು ಉಜ್ಜಿಸಿ ಎತ್ತರ ಕಡಿಮೆ ಮಾಡಿಸುವಂಥ, ಹಿಂದಕ್ಕೆ ತರಲಾಗದ ಕೆಲಸವನ್ನಂತೂ ಮೊದಲು ಮಾಡಿಸಲೇಬಾರದು.

ರಾತ್ರಿ ಬಾಯಲ್ಲಿ ನಡೆಯುವುದೇನು

ನಿದ್ದೆ ಬೆಳಗಿನವರೆಗೂ ಒಂದೇ ಸಮ ಆಳವಾಗಿರುವುದಿಲ್ಲ. ಮಿದುಳು ಆಗಾಗ ಕೆಲವು ಸೆಕೆಂಡು ಅರೆ ಎಚ್ಚರಕ್ಕೆ ಬಂದು ಮತ್ತೆ ನಿದ್ದೆಗೆ ಇಳಿಯುತ್ತದೆ. ಮಲಗಿದವರಿಗೆ ಇದು ತಿಳಿಯುವುದೇ ಇಲ್ಲ. ಹಲ್ಲು ಕಡಿತ ಹೆಚ್ಚಾಗಿ ಬರುವುದು ಹಗುರ ನಿದ್ದೆಯ ಈ ಅರೆ ಎಚ್ಚರದ ಹೊತ್ತಿನಲ್ಲಿ. ಮೊದಲು ಎದೆಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯು ಬಿಗಿಯುತ್ತದೆ, ಕೊನೆಗೆ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಹೀಗಾಗಿ ನಿದ್ದೆಯನ್ನು ಪದೇ ಪದೇ ಕದಡುವ ಯಾವುದೇ ಸಂಗತಿ ಹಲ್ಲು ಕಡಿತವನ್ನು ಹೆಚ್ಚಿಸಬಲ್ಲದು: ಗೊರಕೆ, ಹುಳಿತೇಗು, ಸಂಜೆಯ ಕಾಫಿ, ಮದ್ಯ, ಬೀಡಿ ಸಿಗರೇಟು, ಕೆಲವು ಮಾತ್ರೆ, ಮನಸ್ಸಿನ ಒತ್ತಡ.

ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಸರಿಯಾಗಿ ಕೂರದ್ದರಿಂದಲೇ ಕಡಿಯುತ್ತಾರೆ ಎಂದು ಹಿಂದೆ ದಂತವೈದ್ಯರೂ ನಂಬಿದ್ದರು. ಈಗ ಅದನ್ನು ಮೂಲ ಕಾರಣವೆಂದು ಒಪ್ಪುವುದಿಲ್ಲ. ಬೇರೆ ತೊಂದರೆ ಇಲ್ಲದ ಆರೋಗ್ಯವಂತರಲ್ಲಿ ಇದನ್ನು ರೋಗ ಎನ್ನುವ ಬದಲು ದವಡೆ ಸ್ನಾಯುಗಳ ಒಂದು ಚಟುವಟಿಕೆ ಎಂದೇ ನೋಡಬೇಕೆಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರು 2018ರಲ್ಲಿ ಒಮ್ಮತಕ್ಕೆ ಬಂದರು. ದೊಡ್ಡವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ಅಭ್ಯಾಸ ಇದೆ, ಮಕ್ಕಳಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಸದ್ದು ಕೇಳಿಸಿದ ಮಾತ್ರಕ್ಕೆ ಚಿಕಿತ್ಸೆ ಬೇಕಿಲ್ಲ. ನೋವು, ಸವೆತ, ಒಡೆದ ಹಲ್ಲು ಅಥವಾ ಕೆಟ್ಟ ನಿದ್ದೆ ಇದ್ದರೆ ಬೇಕು.

ಮೊದಲ ಹೆಜ್ಜೆ: ಕಡಿತವೇ ಹೌದೇ ಎಂದು ನೋಡಿಕೊಳ್ಳಿ

ಬೆಳಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ಐದು ನಿಮಿಷ ಸಾಕು. ಕೆನ್ನೆಯ ಹಿಂಭಾಗದಲ್ಲಿ, ಕಿವಿಯಿಂದ ಸ್ವಲ್ಪ ಮುಂದೆ, ಎರಡೂ ಕಡೆ ಬೆರಳಿಟ್ಟು ಹಲ್ಲು ಕಚ್ಚಿ. ಬೆರಳ ಕೆಳಗೆ ಗಟ್ಟಿಯಾಗಿ ಉಬ್ಬುವುದೇ ಜಗಿಯುವ ಸ್ನಾಯು. ಈಗ ಹಲ್ಲು ಬಿಟ್ಟು ಆ ಜಾಗವನ್ನೇ ಒತ್ತಿ. ನೋವಾದರೆ, ಅದೂ ಬೆಳಗ್ಗೆ ಹೆಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿದ್ದರೆ, ರಾತ್ರಿ ದವಡೆ ದುಡಿದಿದೆ ಎಂದರ್ಥ. ನೋವು ಸಂಜೆಗೆ ಏರುತ್ತಿದ್ದರೆ ಹಗಲಿನಲ್ಲಿ ಹಲ್ಲು ಬಿಗಿಹಿಡಿಯುವ ಅಭ್ಯಾಸದ ಮೇಲೆ ಅನುಮಾನ ಪಡಿ. ಎದ್ದಾಗ ಕಣ್ಣಿನ ಪಕ್ಕ, ಕಿವಿಯ ಮೇಲುಗಡೆ ತಲೆ ಭಾರವಾಗಿದ್ದು, ಗಂಟೆ ಕಳೆದಂತೆ ಇಳಿಯುವುದೂ ಒಂದು ಲಕ್ಷಣ. ನಾಲಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಮೈಯಲ್ಲಿ ಹಲ್ಲು ಸೇರುವ ನೇರಕ್ಕೆ ಒಂದು ಬಿಳಿ ಗೆರೆ ಇದೆಯೇ ನೋಡಿ. ಸದ್ದಿಲ್ಲದೆ ಬರೀ ಬಿಗಿಹಿಡಿಯುವವರಲ್ಲೂ ಇವು ಕಾಣುತ್ತವೆ. ಹಾಗಾಗಿ ಮನೆಯವರಿಗೆ ಸದ್ದು ಕೇಳಿಸಿಲ್ಲ ಎಂಬುದು ಸಮಾಧಾನದ ಮಾತಲ್ಲ.

ಸವೆತದ ವಿಷಯದಲ್ಲಿ ನಿಧಾನವಾಗಿ ನೋಡಬೇಕು, ಯಾಕೆಂದರೆ ತಪ್ಪು ತಿಳಿಯುವುದು ಇಲ್ಲೇ. ಹಲ್ಲು ಸವೆಯುವುದಕ್ಕೆ ಮೂರು ದಾರಿಗಳಿವೆ, ಮೂರೂ ಬೇರೆ ಬೇರೆ ಗುರುತು ಬಿಡುತ್ತವೆ. ಕಡಿದು ಸವೆದ ಹಲ್ಲಿನ ತುದಿ ಚಪ್ಪಟೆಯಾಗಿ, ನುಣುಪಾಗಿ ಹೊಳೆಯುತ್ತದೆ. ದವಡೆಯನ್ನು ಪಕ್ಕಕ್ಕೆ ಸರಿಸಿದರೆ ಮೇಲಿನ ಕೋರೆಹಲ್ಲಿನ ಚಪ್ಪಟೆ ಜಾಗಕ್ಕೆ ಕೆಳಗಿನದರ ಚಪ್ಪಟೆ ಜಾಗ ಬೀಗಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಚೂಪಾಗಿರಬೇಕಾದ ಕೋರೆಹಲ್ಲು ಬಾಚಿಹಲ್ಲುಗಳ ಸಮಕ್ಕೆ ಬಂದಿರುತ್ತದೆ. ಹುಳಿಯಿಂದ ಸವೆದ ಹಲ್ಲು ಹೀಗಿರುವುದಿಲ್ಲ. ದವಡೆ ಹಲ್ಲಿನ ಮೇಲೆ ಚಿಕ್ಕ ಚಿಕ್ಕ ಬಟ್ಟಲಿನಂಥ ಗುಳಿ ಬಿದ್ದಿರುತ್ತವೆ, ಸುತ್ತಲಿನ ಹಲ್ಲು ಕರಗಿ ಫಿಲ್ಲಿಂಗ್ ದ್ವೀಪದ ಹಾಗೆ ಎದ್ದು ನಿಂತಿರುತ್ತದೆ. ಇದು ತಂಪು ಪಾನೀಯ ಹೆಚ್ಚು ಕುಡಿಯುವವರಲ್ಲಿ, ಹುಣಸೆಹಣ್ಣು, ನಿಂಬೆಹೋಳು ಚೀಪುವವರಲ್ಲಿ, ಹುಳಿತೇಗು ಇರುವವರಲ್ಲಿ ಕಾಣುತ್ತದೆ. ಮೂರನೆಯದು ಉಜ್ಜಿದ ಸವೆತ. ವಸಡಿನ ಅಂಚಿಗೆ ಬೆಣೆ ಕೊರೆದಂತೆ ತೋಡು ಕಾಣುತ್ತದೆ, ಹೆಚ್ಚಾಗಿ ಕೆನ್ನೆಯ ಕಡೆಗೆ. ಇದ್ದಿಲು, ಇಟ್ಟಿಗೆ ಪುಡಿ, ಗಡುಸು ಹಲ್ಲುಪುಡಿ ಹಾಕಿ ಜೋರಾಗಿ ತಿಕ್ಕುವವರಿಗೆ ಇದು ಬರುತ್ತದೆ. ಇವೆರಡಕ್ಕೂ ನೈಟ್ ಗಾರ್ಡ್ ಉತ್ತರವಲ್ಲ. ಹುಳಿ ಮತ್ತು ಕಡಿತ ಒಟ್ಟಿಗೇ ಇದ್ದರಂತೂ ಸವೆತ ಬಹಳ ಬೇಗ ಸಾಗುತ್ತದೆ. ಹುಳಿಯಲ್ಲಿ ಮೆತ್ತಗಾದ ಹಲ್ಲನ್ನು ರಾತ್ರಿ ಉಜ್ಜಿದ ಹಾಗೆ ಆಗುತ್ತದೆ.

ಇನ್ನೊಂದು ಮಾತು: ಸವೆತ ಹಳೆಯದೂ ಆಗಿರಬಹುದು. ಇಪ್ಪತ್ತು ವರ್ಷದ ಹಿಂದೆ ಕಡಿದು ಈಗ ನಿಂತಿದ್ದರೂ ಚಪ್ಪಟೆ ಹಲ್ಲು ಚಪ್ಪಟೆಯಾಗೇ ಇರುತ್ತದೆ. ಈಗಲೂ ನಡೆಯುತ್ತಿದೆಯೇ ಎಂದು ತಿಳಿಯಲು ಹಲ್ಲಿನ ಫೋಟೊ ತೆಗೆದಿಟ್ಟುಕೊಂಡು ಆರು ತಿಂಗಳ ನಂತರ ಹೋಲಿಸುವುದು, ಅಥವಾ ದಂತವೈದ್ಯರ ಹತ್ತಿರ ಅಚ್ಚು ತೆಗೆಸಿ ಇಟ್ಟುಕೊಳ್ಳುವುದು ಒಳ್ಳೆಯ ದಾರಿ.

ಎರಡನೇ ಹೆಜ್ಜೆ: ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಅಡುಗೆಮನೆಯಲ್ಲಿ ನೇತುಹಾಕಿದ ಕ್ಯಾಲೆಂಡರೇ ಸಾಕು. ದಿನಾ ಬೆಳಗ್ಗೆ ದವಡೆ ನೋವಿಗೆ 0ಯಿಂದ 10ರವರೆಗೆ ಒಂದು ಅಂಕ ಬರೆಯಿರಿ. ಪಕ್ಕದಲ್ಲೇ ಹಿಂದಿನ ದಿನದ ಕೊನೆಯ ಕಾಫಿ ಅಥವಾ ಟೀ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ, ಮದ್ಯ ಇತ್ತೇ, ಹೊಸ ಮಾತ್ರೆ ಏನಾದರೂ ಶುರುವಾಯಿತೇ, ರಾತ್ರಿ ಪಾಳಿ ಇತ್ತೇ ಎಂದು ಚುಟುಕಾಗಿ ಬರೆದಿಡಿ.

ಈ ಎರಡು ವಾರದಲ್ಲಿ ಎರಡು ಮೂರು ರಾತ್ರಿ ಮೊಬೈಲಿನ ವಾಯ್ಸ್ ರೆಕಾರ್ಡರ್ ಹಾಕಿ. ಫ್ಲೈಟ್ ಮೋಡಿನಲ್ಲಿಟ್ಟು, ತಲೆಯಿಂದ ಒಂದು ಮೀಟರ್ ದೂರದಲ್ಲಿ, ಫ್ಯಾನಿನ ಗಾಳಿ ನೇರ ಹೊಡೆಯದ ಕಡೆ ಇಡಿ. ಹಲ್ಲು ಕಡಿತ ಕೆಲವು ಸೆಕೆಂಡಿನ ಗರಗರ ಸದ್ದಾಗಿ ಬಂದು ನಿಲ್ಲುತ್ತದೆ, ಎಷ್ಟೋ ಸಲ ಜೊತೆಗೆ ಮಗ್ಗಲು ಬದಲಿಸಿದ ಸದ್ದೂ ಇರುತ್ತದೆ. ಆದರೆ ರೆಕಾರ್ಡಿಂಗಿನಲ್ಲಿ ನಿಜವಾಗಿ ಹುಡುಕಬೇಕಾದ್ದು ಬೇರೆ: ಜೋರು ಗೊರಕೆ, ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ನಿಶ್ಶಬ್ದ, ಆಮೇಲೆ ಉಸಿರು ಕಟ್ಟಿ ಎದ್ದಂತೆ ಗಕ್ಕನೆ ಒಂದು ಉಸಿರು. ಇದು ಸಿಕ್ಕರೆ ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನವಾದಂತೆ.

ಮೂರನೇ ಹೆಜ್ಜೆ: ಗಾರ್ಡಿಗಿಂತ ಮೊದಲು ಉಸಿರು, ಹೊಟ್ಟೆ, ಮಾತ್ರೆ

ಉಸಿರು ಮೊದಲು. ಜೋರು ಗೊರಕೆ, ಹಗಲಲ್ಲಿ ಕೂತಲ್ಲೇ ತೂಕಡಿಕೆ, ಬೆಳಗ್ಗೆ ಬಾಯಿ ಒಣಗುವುದು, ರಕ್ತದೊತ್ತಡ, ಸುಮಾರು 40 ಸೆಂಟಿಮೀಟರಿಗಿಂತ ಹೆಚ್ಚಿನ ಕುತ್ತಿಗೆ ಸುತ್ತಳತೆ, ಇವುಗಳಲ್ಲಿ ಎರಡು ಮೂರು ಸೇರಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇರಬಹುದು. ಶ್ವಾಸಕೋಶ ತಜ್ಞರನ್ನಾಗಲಿ ಕಿವಿ ಮೂಗು ಗಂಟಲು ತಜ್ಞರನ್ನಾಗಲಿ ಕಂಡು ಸ್ಲೀಪ್ ಸ್ಟಡಿ (ಮಲಗಿರುವಾಗ ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸಿ. ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಆಪ್ನಿಯಾ ಇರುವ ಕೆಲವರಲ್ಲಿ ಮೇಲಿನ ದವಡೆಗೆ ಹಾಕುವ ಮಾಮೂಲಿ ಗಾರ್ಡ್ ಉಸಿರಾಟವನ್ನು ಇನ್ನೂ ಕೆಡಿಸಬಹುದು. ಅಂಥವರಿಗೆ ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಅಥವಾ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಬೇರೆ ಬಗೆಯ ಸಾಧನ ಬೇಕಾಗುತ್ತದೆ. ಉಸಿರು ಸರಿಹೋದ ಮೇಲೆ ಕಡಿತ ತಾನಾಗಿ ಕಡಿಮೆಯಾಗುವವರೂ ಇದ್ದಾರೆ.

ಹೊಟ್ಟೆಯ ಹುಳಿ ಗಂಟಲಿಗೆ ಏರಿದಾಗ ದವಡೆ ಸ್ನಾಯು ಕೆಲಸ ಶುರು ಮಾಡುತ್ತದೆ. ಎದೆಯುರಿ, ಹುಳಿತೇಗು, ಬೆಳಗ್ಗೆ ಬಾಯಿ ಹುಳಿಹುಳಿ ಇದ್ದರೆ ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮೊದಲೇ ಮುಗಿಸಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಅಥವಾ ಮರದ ದಿಮ್ಮಿ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಬದಲಿಗೆ ಎರಡು ಮೂರು ದಿಂಬು ಹಾಕಿಕೊಂಡರೆ ನಡು ಮಡಚಿ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಹುಳಿ ಇನ್ನೂ ಮೇಲಕ್ಕೇರುತ್ತದೆ, ಕುತ್ತಿಗೆಯೂ ಹಿಡಿಯುತ್ತದೆ. ಎಡಮಗ್ಗಲಲ್ಲಿ ಮಲಗುವುದು ಒಳ್ಳೆಯದು. ರಾತ್ರಿ ಹುಳಿ ಬಂದರೆ ತಕ್ಷಣ ಬ್ರಷ್ ಮಾಡಬೇಡಿ, ನೀರು ಮುಕ್ಕಳಿಸಿ ಮಲಗಿ. ಹುಳಿ ತಾಗಿದ ಹಲ್ಲು ಆ ಹೊತ್ತಿನಲ್ಲಿ ಬ್ರಷ್ಷಿಗೂ ಸವೆಯುತ್ತದೆ.

ಮಾತ್ರೆಗಳ ಬಗ್ಗೆ ಎಚ್ಚರದಿಂದ ಓದಿ. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲುವಾಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಎಸ್ಸಿಟಲೋಪ್ರಾಮ್, ವೆನ್ಲಾಫ್ಯಾಕ್ಸಿನ್ ಇಂಥ ಮಾತ್ರೆಗಳು ಕೆಲವರಲ್ಲಿ ಹಲ್ಲು ಕಡಿತ ತರುತ್ತವೆ, ಹೆಚ್ಚಾಗಿ ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಕೆಲವು ವಾರಗಳಲ್ಲಿ. ಕ್ಯಾಲೆಂಡರಿನ ಗುರುತು ಇಲ್ಲೇ ಕೆಲಸಕ್ಕೆ ಬರುವುದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರುತ್ತದೆ, ಮೂಲ ಕಾಯಿಲೆಯೂ ಮರುಕಳಿಸಬಹುದು. ಬರೆದುಕೊಟ್ಟ ವೈದ್ಯರಿಗೆ "ಈ ಮಾತ್ರೆ ಶುರುವಾದ ಮೇಲೆ ಹಲ್ಲು ಕಡಿಯುತ್ತಿದ್ದೇನೆ" ಎಂದು ಒಂದೇ ವಾಕ್ಯ ಹೇಳಿ. ಡೋಸ್ ಇಳಿಸುವುದು, ಮಾತ್ರೆ ಬದಲಿಸುವುದು, ಜೊತೆಗೆ ಇನ್ನೊಂದನ್ನು ಸೇರಿಸುವುದು, ಹೀಗೆ ಅವರ ಕೈಲಿ ದಾರಿಗಳಿವೆ.

ನಾಲ್ಕನೇ ಹೆಜ್ಜೆ: ಹಗಲಿನಲ್ಲಿ ದವಡೆಗೆ ಬಿಡುವು

ಸುಮ್ಮನಿರುವಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 2ರಿಂದ 4 ಮಿಲಿಮೀಟರ್ ಸಂದಿ ಇರಬೇಕು. ಉಣ್ಣುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ. ತುಟಿ ಮುಚ್ಚಿದಾಗ ಹಲ್ಲೂ ಸೇರಬೇಕು ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅದು ತಪ್ಪು. ಸರಿಯಾದ ಭಂಗಿ ಕಂಡುಕೊಳ್ಳಲು "ಲ" ಎಂದು ಹೇಳಿ, ನಾಲಗೆಯ ತುದಿ ಎಲ್ಲಿ ತಾಗಿತೋ ಅಲ್ಲೇ, ಮೇಲಿನ ಬಾಚಿಹಲ್ಲಿನ ಹಿಂದಿನ ಉಬ್ಬಿನ ಮೇಲೆ, ಹಗುರವಾಗಿ ಬಿಡಿ. ತುಟಿ ಮೆಲ್ಲಗೆ ಮುಚ್ಚಿ, ಹಲ್ಲು ಬಿಟ್ಟಿರಲಿ, ಭುಜ ಇಳಿಸಿ, ಮೂಗಿನಲ್ಲಿ ಒಂದು ಉಸಿರು.

ಇದನ್ನು ದಿನಕ್ಕೆ ಒಮ್ಮೆ ಅರ್ಧ ಗಂಟೆ ಮಾಡಿದರೆ ಏನೂ ಆಗುವುದಿಲ್ಲ. ದಿನವಿಡೀ ಎರಡೆರಡು ಸೆಕೆಂಡು ಮಾಡಿದರೆ ಅಭ್ಯಾಸ ಬದಲಾಗುತ್ತದೆ. ಅದಕ್ಕೆ ನೆನಪಿಸುವ ಗುರುತು ಬೇಕು. ಮೊಬೈಲಿನ ಹಿಂದೆ, ಕಂಪ್ಯೂಟರಿನ ಅಂಚಿಗೆ, ಬೈಕಿನ ಸ್ಪೀಡೋಮೀಟರಿನ ಪಕ್ಕ, ಗ್ಯಾಸ್ ಒಲೆಯ ಮೇಲಿನ ಗೋಡೆಗೆ ಒಂದೊಂದು ಬಣ್ಣದ ಬಿಂದಿ ಅಂಟಿಸಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ನೋಡಿಕೊಳ್ಳಿ. ಕುಕ್ಕರಿನ ಸೀಟಿ, ಸಿಗ್ನಲ್ಲಿನ ಕೆಂಪು ದೀಪ ಕೂಡ ಆಗುತ್ತದೆ. ವಾರ ಕಳೆದರೆ ಬಿಂದಿ ಕಣ್ಣಿಗೆ ಒಗ್ಗಿಹೋಗಿ ಕಾಣಿಸುವುದೇ ಇಲ್ಲ, ಆಗ ಬಣ್ಣವನ್ನೂ ಜಾಗವನ್ನೂ ಬದಲಿಸಿ. ಹಗಲಿನ ಬಿಗಿತ ಮತ್ತು ನೋವಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇದೊಂದರಿಂದಲೇ ರಾತ್ರಿಯ ಕಡಿತ ನಿಂತುಬಿಡುತ್ತದೆ ಎಂದು ನಂಬಿ ಗಾರ್ಡ್ ಬಿಡಬೇಡಿ.

ದವಡೆ ನೋವಿರುವಷ್ಟು ದಿನ ಜಗಿತ ಕಡಿಮೆ ಮಾಡಿ. ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ರಾಗಿಮುದ್ದೆಗಿಂತ ಒಳ್ಳೆಯ ಊಟವಿಲ್ಲ: ಅದನ್ನು ನುಂಗುವುದು, ಜಗಿಯುವುದಲ್ಲ. ಬಸ್ಸಾರು, ಉಪ್ಸಾರಿನ ಜೊತೆ ಎರಡು ವಾರ ನಡೆಯಲಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುರಿಗಾಳು, ಚೂಯಿಂಗ್ ಗಮ್ ಬೇಡ. ಸಂಕ್ರಾಂತಿಯ ಹೊತ್ತಿನಲ್ಲಿ ಕಬ್ಬನ್ನು ಹಲ್ಲಲ್ಲಿ ಸಿಗಿಯುವುದೂ ಬೇಡ. ಕತ್ತಿಯಲ್ಲಿ ಸಿಪ್ಪೆ ತೆಗೆದು ಚಿಕ್ಕ ತುಂಡು ಮಾಡಿದರೂ ಜಗಿಯುವ ಕೆಲಸ ಉಳಿಯುತ್ತದೆ, ಕಬ್ಬಿನ ಹಾಲು ಕುಡಿಯುವುದೇ ವಾಸಿ. ಹೂ ಕಟ್ಟುವಾಗ ದಾರವನ್ನು ಹಲ್ಲಲ್ಲಿ ಹಿಡಿಯುವುದು, ಹೊಲಿಯುವವರು ನೂಲು ಕಡಿಯುವುದು, ಶಾಂಪೂ ಸ್ಯಾಶೆ ಹಲ್ಲಿಂದ ಹರಿಯುವುದು, ಇವನ್ನೂ ನಿಲ್ಲಿಸಿ.

ನೋವಿಗೆ ಬಿಸಿ ಶಾಖ ಹಿತ. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈಗೆ ಹಾಕಿ ನೋಡಿ ಚುರುಗುಟ್ಟದಿದ್ದರೆ, ಎರಡೂ ಕೆನ್ನೆಗೆ ಹತ್ತು ಹದಿನೈದು ನಿಮಿಷ ಇಡಿ. ಆಮೇಲೆ ಹಲ್ಲು ಬಿಟ್ಟುಕೊಂಡು ಎರಡು ಬೆರಳಿಂದ ಜಗಿಯುವ ಸ್ನಾಯುವನ್ನು ವೃತ್ತಾಕಾರವಾಗಿ ಒಂದೆರಡು ನಿಮಿಷ ತೀಡಿ. ಕೊನೆಗೆ ನಾಲಗೆಯನ್ನು "ಲ" ಜಾಗದಲ್ಲಿ ಇಟ್ಟುಕೊಂಡೇ ಬಾಯಿ ನಿಧಾನವಾಗಿ ತೆರೆದು ಮುಚ್ಚಿ, ಆರು ಸಲ. ನಾಲಗೆ ಜಾಗ ಬಿಡದಷ್ಟು ಮಾತ್ರ ತೆರೆಯಿರಿ. ಕನ್ನಡಿಯಲ್ಲಿ ಗದ್ದ ನೇರ ಇಳಿಯುತ್ತಿದೆಯೇ ನೋಡಿ. ಆಕಳಿಸಿದಂತೆ ದೊಡ್ಡದಾಗಿ ಬಾಯಿ ತೆರೆದು ಎಳೆದರೆ ಕೀಲು ನೋಯುತ್ತದೆ.

ಇಲ್ಲಿ ಅಡಿಕೆ, ಗುಟ್ಕಾ, ತಂಬಾಕು ಹಾಕುವವರಿಗೆ ಒಂದು ಮಾತು. ತೋರು, ನಡು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಜೊತೆಗೆ ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಮೈ ಬಿಳಿಚಿ ಹಲಗೆಯಂತೆ ಗಟ್ಟಿಯಾಗಿದ್ದರೆ, ಅದನ್ನು ಹಲ್ಲು ಕಡಿತದ ಬಿಗಿತ ಎಂದುಕೊಳ್ಳಬೇಡಿ. ಅಡಿಕೆಯಿಂದ ಬರುವ ಈ ಕಾಯಿಲೆ ಮುಂದೆ ಬಾಯಿ ಕ್ಯಾನ್ಸರಿಗೆ ತಿರುಗಬಹುದು. ಅಡಿಕೆ ಅವತ್ತೇ ಬಿಟ್ಟು, ದಂತ ಕಾಲೇಜಿನಲ್ಲಿ ತೋರಿಸಿ.

ಐದನೇ ಹೆಜ್ಜೆ: ಸಂಜೆ ಮತ್ತು ಹಾಸಿಗೆ

ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಗಟ್ಟಿ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಆಗಲಿ. ದಿನಕ್ಕೆ ನಾಲ್ಕೈದು ಲೋಟದವರು ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಅದನ್ನು ದವಡೆಯ ತಲೆನೋವೆಂದು ಗೊಂದಲವಾಗುತ್ತದೆ. ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಹೆಚ್ಚಿರುವ ಪುಡಿಗೆ ಬದಲಾಯಿಸಿಕೊಳ್ಳುವುದು ಒಂದು ಮಧ್ಯದ ದಾರಿ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ಚೂರುಚೂರು ಮಾಡುತ್ತದೆ, ಗೊರಕೆಯನ್ನೂ ಹೆಚ್ಚಿಸುತ್ತದೆ. ಮಲಗುವ ಮುಂಚಿನ ಸಿಗರೇಟಿಗೂ ಇದೇ ಮಾತು.

ಬೋರಲು ಮಲಗಿದರೆ ಕೆಳದವಡೆ ಒಂದು ಕಡೆಗೆ ಒತ್ತಿಹೋಗುತ್ತದೆ. ಮಗ್ಗಲಾಗಿ ಮಲಗಿ, ಆದರೆ ಕೈಯನ್ನು ಗದ್ದದ ಕೆಳಗೆ ಇಟ್ಟುಕೊಳ್ಳಬೇಡಿ. ಕಾರ್ಖಾನೆಯ ರಾತ್ರಿ ಪಾಳಿಯವರಿಗೆ, ರಾತ್ರಿ ಕರೆಂಟು ಬಂದಾಗ ಎದ್ದು ಗದ್ದೆಗೆ ನೀರು ಹಾಯಿಸುವವರಿಗೆ ಗಂಟೆಗಳನ್ನು ಬದಲಿಸುವುದು ಕೈಲಿಲ್ಲ. ಅವರು ನಿದ್ದೆಯನ್ನು ಎರಡು ಕಂತಿನಲ್ಲಾದರೂ ದಿನಾ ಒಂದೇ ಹೊತ್ತಿಗೆ, ಕತ್ತಲೆ ಕೋಣೆಯಲ್ಲಿ ಮಾಡಬೇಕು. ಪಾಳಿಯ ಕೊನೆಯ ಅರ್ಧದಲ್ಲಿ ಟೀ ಕುಡಿಯದೆ ಇರುವುದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ.

ಆರನೇ ಹೆಜ್ಜೆ: ನೈಟ್ ಗಾರ್ಡ್

ಗಾರ್ಡ್ ಕಡಿತವನ್ನು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಬಲವನ್ನು ಎಲ್ಲ ಹಲ್ಲಿಗೂ ಹಂಚುತ್ತದೆ. ಇಷ್ಟು ತಿಳಿದು ಹಾಕಿಸಿಕೊಂಡರೆ ನಿರಾಸೆಯಾಗುವುದಿಲ್ಲ.

ದೊಡ್ಡವರಿಗೆ ನಾವು ಹೇಳುವುದು ಗಟ್ಟಿ ಅಕ್ರಿಲಿಕ್ಕಿನ, ಒಂದು ದವಡೆಯ ಎಲ್ಲ ಹಲ್ಲನ್ನೂ ಮುಚ್ಚುವ ಗಾರ್ಡ್. ಮೆತ್ತನೆಯ ರಬ್ಬರಿನಂಥದ್ದು ಮೊದಲ ದಿನ ಹಿತವೆನಿಸುತ್ತದೆ, ಆದರೆ ಕೆಲವರು ಅದನ್ನು ಜಗಿಯಲು ಶುರು ಮಾಡಿ ದವಡೆ ನೋವು ಹೆಚ್ಚಿಸಿಕೊಳ್ಳುತ್ತಾರೆ. ಜೋರಾಗಿ ಕಡಿಯುವವರ ಬಾಯಲ್ಲಿ ಅದು ಬೇಗ ತೂತು ಬೀಳುತ್ತದೆ. ಬಿಸಿನೀರಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವ ಆನ್‌ಲೈನ್ ಗಾರ್ಡ್, ಅಳತೆಯ ಗಾರ್ಡ್ ಬರುವವರೆಗೆ ಕೆಲವು ವಾರದ ಮಟ್ಟಿಗೆ ಸರಿ, ವರ್ಷಕ್ಕಲ್ಲ. ಮುಂದಿನ ನಾಲ್ಕೈದು ಹಲ್ಲಿಗೆ ಮಾತ್ರ ಹಾಕುವ ಚಿಕ್ಕ ತುಂಡು ಬೇಡ. ಮುಚ್ಚದೆ ಬಿಟ್ಟ ದವಡೆ ಹಲ್ಲುಗಳು ತಿಂಗಳುಗಟ್ಟಲೆಯಲ್ಲಿ ಎದ್ದು ಬಂದು ಬಾಯಿ ಮುಚ್ಚಿದಾಗ ಮುಂದೆ ಸಂದಿ ಉಳಿಯಬಹುದು. ನಿದ್ದೆಯಲ್ಲಿ ಕಳಚಿದರೆ ಗಂಟಲಿಗೂ ಹೋಗಬಹುದು.

ಅಳತೆ ಕೊಡುವ ಮೊದಲು ಹುಳುಕು ತುಂಬಿಸಿ, ಹಲ್ಲು ಕ್ಲೀನ್ ಮಾಡಿಸಿ, ಹಾಕಬೇಕಾದ ಕ್ಯಾಪ್ ಹಾಕಿಸಿ ಮುಗಿಸಿ. ಗಾರ್ಡ್ ಮಾಡಿಸಿದ ಮೇಲೆ ಒಂದು ಹಲ್ಲಿನ ಆಕಾರ ಬದಲಾದರೂ ಅದು ಕೂರುವುದಿಲ್ಲ. ವೈದ್ಯರು ಟ್ರೇಯಲ್ಲಿ ಮೆತ್ತನೆಯ ವಸ್ತು ಹಾಕಿ ಮೇಲೂ ಕೆಳಗೂ ಅಚ್ಚು ತೆಗೆಯುತ್ತಾರೆ, ಅಥವಾ ಸ್ಕ್ಯಾನರಿನಲ್ಲಿ ತೆಗೆಯುತ್ತಾರೆ. ಒಂದೇ ದವಡೆಯ ಅಚ್ಚು ತೆಗೆದು ಕಳಿಸಿದರೆ ಎದುರಿನ ಹಲ್ಲು ಹೇಗೆ ತಾಗುತ್ತದೆಂದು ಲ್ಯಾಬಿನವರಿಗೆ ಗೊತ್ತಾಗುವುದಿಲ್ಲ. ಹಲ್ಲು ಕಚ್ಚಿದ ಗುರುತೂ ಬೇಕು.

ಗಾರ್ಡ್ ಬಂದ ದಿನ ಗಡಿಬಿಡಿ ಮಾಡಬೇಡಿ, ಅವತ್ತಿನ ಅರ್ಧ ಗಂಟೆಯಲ್ಲೇ ಅದರ ಯೋಗ್ಯತೆ ತೀರ್ಮಾನವಾಗುತ್ತದೆ. ಅದು ಬೆರಳ ಒತ್ತಡಕ್ಕೆ ಕೂರಬೇಕು. ನಾಲಗೆಯಿಂದ ತಳ್ಳಿದರೆ ಬೀಳಬಾರದು, ಬೆರಳಿಂದ ಎಳೆದರೆ ಬರಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುವಂತಿದ್ದರೆ ಅದು ಅಲುಗಾಡುತ್ತಿದೆ, ಒಪ್ಪಬೇಡಿ. ದವಡೆ ಹಲ್ಲಿನ ಕಡೆ ಸುಮಾರು 2 ಮಿಲಿಮೀಟರ್ ದಪ್ಪ ಇರಲಿ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ: ಎಡಕ್ಕೂ ಬಲಕ್ಕೂ ದವಡೆ ಹಲ್ಲುಗಳ ಚುಕ್ಕೆ ಸಮವಾಗಿ ಬೀಳಬೇಕು. ಒಂದೇ ಕಡೆ ಒತ್ತಾಗಿ ಬಿದ್ದರೆ ಅಲ್ಲಿ ಉಜ್ಜಿ ಸರಿಮಾಡಬೇಕು. ಉಜ್ಜುವುದು ಗಾರ್ಡನ್ನು, ಹಲ್ಲನ್ನಲ್ಲ. ಕುರ್ಚಿಯಲ್ಲಿ ಒರಗಿಕೊಂಡು ಒಮ್ಮೆ, ನೆಟ್ಟಗೆ ಕೂತು ಒಮ್ಮೆ ಕಚ್ಚಿ ನೋಡಿ, ಎರಡಕ್ಕೂ ವ್ಯತ್ಯಾಸ ಇರುತ್ತದೆ.

ಮೊದಲ ಎರಡು ಮೂರು ದಿನ ಮಲಗುವ ಮುಂಚೆ ಗಂಟೆ ಹೊತ್ತು ಹಾಕಿಕೊಂಡು ಅಭ್ಯಾಸ ಮಾಡಿ, ಆಮೇಲೆ ರಾತ್ರಿಯಿಡೀ. ಜೊಲ್ಲು ಹೆಚ್ಚು ಸುರಿಯುತ್ತದೆ, ಕೆಲವು ದಿನದಲ್ಲಿ ಕಡಿಮೆಯಾಗುತ್ತದೆ. ಕಚ್ಚಿ ಕೂರಿಸಬೇಡಿ, ಬೆರಳಿಂದಲೇ ಒತ್ತಿ. ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಬೆಳಗ್ಗೆ ತೆಗೆದಾಗ ಹಲ್ಲು ಬೇರೆ ರೀತಿ ಕೂರುವಂತೆ ಅನಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗಬೇಕು. ದಿನವಿಡೀ ಹಾಗೇ ಉಳಿದರೆ ಗಾರ್ಡ್ ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ. ಒಂದೇ ಹಲ್ಲು ನೋಯುತ್ತಿದ್ದರೆ ಅಲ್ಲಿ ಎತ್ತರ ಹೆಚ್ಚಿದೆ, ಅದನ್ನು ಸಹಿಸಿಕೊಂಡು ಕೂರಬೇಡಿ. ಒಂದೆರಡು ವಾರ ಕಳೆದ ಮೇಲೆ ಒಮ್ಮೆ ತೋರಿಸಿ ಸರಿಮಾಡಿಸಲೇಬೇಕು. ಈ ಎರಡನೇ ಭೇಟಿಗೆ ಹೋಗದವರ ಗಾರ್ಡೇ ಡ್ರಾಯರ್ ಸೇರುವುದು.

ತೊಳೆಯುವುದು ತಣ್ಣೀರಲ್ಲಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಬೇರೆ ಬ್ರಷ್ಷಿನಲ್ಲಿ. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ, ಗೀರಿನಲ್ಲಿ ವಾಸನೆ ಕೂರುತ್ತದೆ. ಬಿಸಿನೀರು, ಕಾರಿನ ಡ್ಯಾಶ್‌ಬೋರ್ಡ್, ಒಲೆಯ ಪಕ್ಕ, ಮೂರೂ ಅದನ್ನು ಸೊಟ್ಟ ಮಾಡುತ್ತವೆ. ಗಾಳಿಯಾಡುವ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿಟ್ಟರೆ ಕಸಕ್ಕೆ ಹೋಗುತ್ತದೆ. ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಬಾಯಿವಾಸನೆ ಹತ್ತಿದ ಗಾರ್ಡನ್ನು ಅವು ಬಿಡುವುದಿಲ್ಲ.

ಖರ್ಚಿನ ಚಿಂತೆ ಇದ್ದರೆ ಮೈಸೂರಿನ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಂಥ ಕಡೆ ಕೃತಕ ದಂತ ವಿಭಾಗದಲ್ಲಿ ಕೇಳಿ. ಭೇಟಿಗಳು ಹೆಚ್ಚಾಗುತ್ತವೆ, ಸಮಯ ಹಿಡಿಯುತ್ತದೆ, ಆದರೆ ಅಧ್ಯಾಪಕರ ಕಣ್ಣೆದುರೇ ಕೆಲಸ ನಡೆಯುತ್ತದೆ. ಮಂಡ್ಯ ಕಡೆಯಿಂದ ಬರುವವರು ಅಳತೆ, ಹಾಕುವುದು, ಸರಿಮಾಡಿಸುವುದು ಎಂದು ಕನಿಷ್ಠ ಮೂರು ಸಲದ ಓಡಾಟ ಲೆಕ್ಕ ಹಾಕಿಕೊಳ್ಳಿ. ಹಲ್ಲಿನ ಸೆಟ್ ಹಾಕಿಕೊಂಡವರು ರಾತ್ರಿ ಅದನ್ನು ತೆಗೆದು ನೀರಲ್ಲಿಟ್ಟು ಮಲಗಿ, ಅವರಿಗೆ ಈ ಗಾರ್ಡ್ ಅಲ್ಲ.

ಮಕ್ಕಳ ವಿಷಯ

ಮಕ್ಕಳು ಕಡಿಯುವುದು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಹಾಲುಹಲ್ಲು ಹೋಗಿ ಹೊಸ ಹಲ್ಲು ಬರುವ ವಯಸ್ಸಿನಲ್ಲಿ ತಾನೇ ಕಡಿಮೆಯಾಗುತ್ತದೆ. ದವಡೆ ಬೆಳೆಯುತ್ತಿರುವುದರಿಂದ ಅವರಿಗೆ ಗಾರ್ಡ್ ಹಾಕುವುದಿಲ್ಲ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪದೆ ಕೊಡಿಸಿ, ಅದು ರಕ್ತಹೀನತೆ ತಡೆಯಲು ಬೇಕು. ಆದರೆ ಹುಳದ ಔಷಧಿಯಿಂದ ಹಲ್ಲು ಕಡಿಯುವುದು ನಿಲ್ಲುತ್ತದೆ ಎಂದು ಕಾಯಬೇಡಿ, ನಿಲ್ಲಲಿಲ್ಲ ಎಂದು ಮತ್ತೆ ಮತ್ತೆ ಕುಡಿಸಲೂ ಬೇಡಿ. ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ, ಸದಾ ಮೂಗು ಕಟ್ಟಿರುತ್ತದೆಯೇ ನೋಡಿ. ಹಾಗಿದ್ದರೆ ಟಾನ್ಸಿಲ್, ಅಡಿನಾಯ್ಡ್ ಊದಿದೆಯೇ ಎಂದು ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ.

ಮಾಡಿಸಬಾರದ್ದು, ತಡಮಾಡಬಾರದ್ದು

"ಕಚ್ಚು ಸರಿ ಮಾಡಿದರೆ ಕಡಿಯುವುದು ನಿಲ್ಲುತ್ತದೆ" ಎಂದು ಗಟ್ಟಿ ಹಲ್ಲನ್ನು ಉಜ್ಜಲು, ಕಡಿತಕ್ಕಾಗಿಯೇ ಕ್ಲಿಪ್ ಹಾಕಲು, ಬಾಯಿ ತುಂಬ ಕ್ಯಾಪ್ ಹಾಕಲು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ. ನಿದ್ದೆ ಮಾತ್ರೆ ಗೊರಕೆಯವರಲ್ಲಿ ಉಸಿರಾಟವನ್ನು ಕೆಡಿಸಬಹುದು. ಜಗಿಯುವ ಸ್ನಾಯುವಿಗೆ ಬೊಟಾಕ್ಸ್ ಚುಚ್ಚುಮದ್ದು ಕಚ್ಚುವ ಬಲವನ್ನು ಮೂರು ನಾಲ್ಕು ತಿಂಗಳು ಇಳಿಸುತ್ತದೆ, ಕಡಿತದ ಸಂಖ್ಯೆಯನ್ನಲ್ಲ. ಉಳಿದೆಲ್ಲ ಮಾಡಿಯೂ ನೋವು ಇಳಿಯದವರಿಗೆ ಮಾತ್ರ ಅದರ ಯೋಚನೆ. ಲವಂಗದ ಎಣ್ಣೆಯನ್ನು ಹಾಗೇ ವಸಡಿಗೆ ಹಚ್ಚಿದರೆ ಸುಡುತ್ತದೆ, ದವಡೆ ಸ್ನಾಯುವಿಗೆ ಅದರಿಂದ ಏನೂ ಆಗದು.

ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದು, ನಿಂತರೆ ಇಳಿಯುತ್ತಿದ್ದರೆ, ಅಥವಾ ಬೆವರು, ಎದೆ ಭಾರ, ತೋಳು ಸೆಳೆತದ ಜೊತೆ ಬಂದರೆ ಅದು ಹೃದಯದ ನೋವಾಗಿರಬಹುದು. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಬಾಯಿ ತೆರೆದದ್ದು ಮುಚ್ಚದಿದ್ದರೆ, ಮುಚ್ಚಿದ್ದು ತೆರೆಯದಿದ್ದರೆ, ಮುಖ ಊದಿದರೆ ಅವತ್ತೇ ತೋರಿಸಿ.

ಮೂರು ತಿಂಗಳಾದ ಮೇಲೆ ಮತ್ತೆ ಎರಡು ವಾರ ಕ್ಯಾಲೆಂಡರಿನಲ್ಲಿ ಅಂಕ ಬರೆದು ಮೊದಲಿನದಕ್ಕೆ ಹೋಲಿಸಿ. ನೋವಿನ ಅಂಕ ಅರ್ಧಕ್ಕಿಳಿದಿದ್ದರೆ ನಡೆದದ್ದನ್ನೇ ಮುಂದುವರಿಸಿ. ಇಳಿಯದಿದ್ದರೆ ಮೂರನೇ ಹೆಜ್ಜೆಗೆ ಹಿಂದಿರುಗಿ, ಅದರಲ್ಲೂ ಉಸಿರಾಟದ ಕಡೆ. ಗಾರ್ಡಿನ ಮೇಲೆ ಹೊಳೆಯುವ ಗೆರೆ, ಗುಳಿ ಮೂಡಿದರೆ ಗಾಬರಿ ಬೇಡ, ಹಲ್ಲಿಗೆ ಬೀಳಬೇಕಾದ್ದು ಅದಕ್ಕೆ ಬಿದ್ದಿದೆ. ತೂತು ಬಿದ್ದರೆ, ಬಿರುಕು ಬಿಟ್ಟರೆ, ಸಡಿಲವಾದರೆ ಹೊಸದು ಮಾಡಿಸಿ. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಲು ಹೋಗುವಾಗ ಡಬ್ಬಿಯ ಸಮೇತ ಗಾರ್ಡನ್ನೂ ತೆಗೆದುಕೊಂಡು ಹೋಗಿ.